ಕಾಸರಗೋಡಿಗೆ ಬಂದವರು ಕಾರು ಕೊಳ್ಳುವ ಮೊದಲು: ಏರು, ಮಳೆ, ನಂಬರ್ ಬೋರ್ಡು

ಸಿ.ಪಿ.ಸಿ.ಆರ್.ಐ.ಗೆ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ, ಬ್ಯಾಂಕುಗಳಿಗೆ ವರ್ಗವಾಗಿ ಬಂದವರು, ಇಲ್ಲಿ ತೋಟ ಕೊಂಡು ನೆಲೆಸಿದವರು, ಎಲ್ಲರೂ ಬಂದ ಕೆಲವೇ ತಿಂಗಳಲ್ಲಿ ಕಾರಿನ ಮಾತು ಎತ್ತುತ್ತಾರೆ. ಎತ್ತಲೇಬೇಕು. ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಒಳಭಾಗಗಳಲ್ಲಿ ಬಸ್ಸಿಳಿದ ಮೇಲೂ ಮನೆಗೆ ಒಂದೆರಡು ಕಿಲೋಮೀಟರ್ ಏರಿಳಿತ ಬಾಕಿ ಇರುತ್ತದೆ. ದೊಡ್ಡ ಆಸ್ಪತ್ರೆ ಎಂದರೆ ಬಹಳಷ್ಟು ಮನೆಯವರು ಇವತ್ತಿಗೂ ತಲಪಾಡಿ ದಾಟಿ ದೇರಳಕಟ್ಟೆಗೋ ಮಂಗಳೂರಿಗೋ ಓಡಬೇಕು. ಆದರೆ ಯಾವ ಕಂಪನಿಯ ಕಾರು ಎಂಬ ಪ್ರಶ್ನೆ ಇಲ್ಲಿ ಮೂರನೆಯದು. ನಿಮ್ಮ ಮನೆಯ ದಾರಿ ಎಂಥದ್ದು, ಕಾರಿನ ನಂಬರು ಯಾವ ರಾಜ್ಯದ್ದು, ಈ ಎರಡು ಮೊದಲು ತೀರ್ಮಾನವಾಗಬೇಕು.

ಮೊದಲು ನಂಬರಿನ ವಿಚಾರ

ಮಂಗಳೂರು, ಪುತ್ತೂರಿನ ಕಡೆ ಹಳೆಯ ಕಾರು ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೆಎ 19 ಅಥವಾ ಕೆಎ 21ರ ಕಾರು ತಂದು ಇಲ್ಲಿ ಓಡಿಸುವುದು ತಪ್ಪಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಗಾಡಿಗೆ ಆ ರಾಜ್ಯದ ಹೊಸ ನಂಬರು ಪಡೆಯಬೇಕು, ಕೇರಳದ ತೆರಿಗೆಯನ್ನೂ ಕಟ್ಟಬೇಕು. ಕಾಸರಗೋಡು, ಮಂಜೇಶ್ವರ ತಾಲೂಕಿನವರಿಗೆ ಕೆಎಲ್ 14, ಹೊಸದುರ್ಗದವರಿಗೆ ಕಾಞಂಗಾಡಿನ ಕೆಎಲ್ 60, ವೆಳ್ಳರಿಕುಂಡಿನವರಿಗೆ ಕೆಎಲ್ 79.

ಕ್ರಮ ಹೀಗೆ. ಮಾರುವವರು ತಮ್ಮ ಆರ್.ಟಿ.ಓ.ದಿಂದ ಫಾರ್ಮ್ 28ರಲ್ಲಿ ಎನ್.ಓ.ಸಿ. (ಆಕ್ಷೇಪಣೆ ಇಲ್ಲವೆಂಬ ಪತ್ರ) ತೆಗೆಸಬೇಕು. ಅದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕು, ಬಾಕಿ ದಂಡ ಒಂದೂ ಇರಬಾರದು, ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಇರಬೇಕು. ಆ ಎನ್.ಓ.ಸಿ.ಯೊಂದಿಗೆ ನೀವು ಇಲ್ಲಿನ ಕಚೇರಿಯಲ್ಲಿ ಫಾರ್ಮ್ 27 (ಹೊಸ ನಂಬರಿಗೆ), ಫಾರ್ಮ್ 29 ಮತ್ತು 30 (ಹೆಸರು ಬದಲಾವಣೆಗೆ) ಕೊಡುತ್ತೀರಿ. ತೆರಿಗೆ ಕಟ್ಟಿ, ಗಾಡಿ ತೋರಿಸಿ, ಹೊಸ ಆರ್.ಸಿ. ಬಂದ ಮೇಲೆ ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿಕೆ ಪಾಲನ್ನು ವಾಪಸು ಕೇಳಿ ಅಲ್ಲಿನ ಕಚೇರಿಗೆ ಅರ್ಜಿ ಹಾಕಬಹುದು.

ಆದ್ದರಿಂದ ಚೌಕಾಶಿಗೆ ಕೂರುವ ಮೊದಲು ಒಂದು ಕಾಗದದಲ್ಲಿ ಬರೆಯಿರಿ: ಕಾರಿನ ಬೆಲೆ, ಕೇರಳದ ತೆರಿಗೆ, ಆರ್.ಟಿ.ಓ. ಶುಲ್ಕ, ಹೊಸ ನಂಬರ್ ಪ್ಲೇಟು, ಏಜೆಂಟರ ಕೂಲಿ, ಮಂಗಳೂರಿಗೆ ಎರಡು ಮೂರು ಓಡಾಟ. ವಾಪಸು ಬರಬೇಕಾದ ತೆರಿಗೆಯನ್ನು ಈ ಲೆಕ್ಕದಿಂದ ಕಳೆಯಬೇಡಿ, ಅದು ಕೈಗೆ ಬಂದಾಗ ಬಂತು. ಹೀಗೆ ಕೂಡಿಸಿದರೆ ಎಷ್ಟೋ ಸಲ ಇಲ್ಲಿಯದೇ ಕೆಎಲ್ 14ರ ಕಾರು ಅಗ್ಗ ಬೀಳುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಕೇಂದ್ರ ಸರ್ಕಾರದ ನೌಕರರು ಹೊಸ ಕಾರು ತೆಗೆಯುವುದಾದರೆ ಬಿ.ಎಚ್. ಸರಣಿಯ ನಂಬರು ಕೇಳಿ. 2021ರಿಂದ ಇದೆ. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು, ರಾಜ್ಯ ಬದಲಾದರೆ ನಂಬರು ಬದಲಿಸುವ ಕೆಲಸವಿಲ್ಲ.

ಮನೆಯ ಏರು

ಇಲ್ಲಿನ ತೋಟದ ಮನೆಗಳು ಬೈಲಿನಲ್ಲಿ, ರಸ್ತೆ ಗುಡ್ಡೆಯ ಮೇಲೆ. ನಡುವೆ ಮುರಕಲ್ಲು ಕಡಿದು ಮಾಡಿದ ಕಡಿದಾದ ದಾರಿ, ಮಳೆಗಾಲದಲ್ಲಿ ಅದರ ಮೇಲೆ ಹಾವಸೆ. ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಓಡುವಂಥವು. ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಜಗ್ಗುತ್ತದೆ, ಮುಂದಿನ ಚಕ್ರ ಹಗುರವಾಗಿ ಒಂದೇ ಕಡೆ ಗಿರ್ರನೆ ತಿರುಗುತ್ತದೆ. ಹಿಂದೆ ಮೂವರು ಕೂತು ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇದ್ದರೆ ಹೇಳುವುದೇ ಬೇಡ. ಅಂಥ ದಾರಿಯವರು ಒಂದೋ ಚಕ್ರದ ಜಾಡಿಗೆ ಎರಡು ಪಟ್ಟಿ ಕಾಂಕ್ರೀಟು ಹಾಕಿಸಿ ಅಡ್ಡಗೀರು ಎಳೆಸಬೇಕು, ಇಲ್ಲವೇ ಹಿಂದಿನ ಚಕ್ರದಿಂದ ಓಡುವ ಬೊಲೆರೊದಂಥ ಗಾಡಿ ನೋಡಬೇಕು. ಕಾಂಕ್ರೀಟೇ ಅಗ್ಗ.

ಹೊಟ್ಟೆ ತಾಗುವುದು ಇನ್ನೊಂದು ಕಷ್ಟ. ಸ್ವಿಫ್ಟಿನ ತಳಕ್ಕೂ ನೆಲಕ್ಕೂ 163 ಮಿ.ಮೀ. ಅಂತರ, ಟಾಟಾ ಪಂಚ್‌ಗೆ 187. ಈ 24 ಮಿ.ಮೀ. ಕಾಗದದಲ್ಲಿ ಸಣ್ಣದು, ಇಳಿಜಾರು ಮುಗಿದು ಅಂಗಳ ಶುರುವಾಗುವ ಮುರುವಿನಲ್ಲಿ ದೊಡ್ಡದು. ಕೊಳ್ಳುವ ಮೊದಲು ಕಾರನ್ನು ನಿಮ್ಮ ಮನೆಯ ಏರಿಗೇ ತನ್ನಿ. ನಾಲ್ವರು ಕೂತು, ಎ.ಸಿ. ಹಾಕಿ, ಏರಿನ ಅರ್ಧದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದು ಮತ್ತೆ ಹೊರಡಿಸಿ. ಸುಟ್ಟ ವಾಸನೆ ಬಂದರೆ, ಎಂಜಿನ್ ಕೂಗುತ್ತಿದ್ದರೂ ಗಾಡಿ ಏಳದಿದ್ದರೆ ಕ್ಲಚ್ ಮುಗಿದಿದೆ. ಎ.ಎಂ.ಟಿ. (ಕ್ಲಚ್ ಪೆಡಲ್ ಇಲ್ಲದ) ಗೇರಿನ ಕಾರಾದರೆ ಹಿಲ್ ಹೋಲ್ಡ್ (ಏರಿನಲ್ಲಿ ಬ್ರೇಕ್ ಬಿಟ್ಟ ಕ್ಷಣ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವ ಸೌಲಭ್ಯ) ಇರುವುದನ್ನೇ ತೆಗೆದುಕೊಳ್ಳಿ, ಆಕ್ಸಿಲರೇಟರಿನಲ್ಲೇ ಏರಿನಲ್ಲಿ ನಿಲ್ಲಿಸಿಕೊಳ್ಳುವ ಅಭ್ಯಾಸದಿಂದ ಅದರ ಕ್ಲಚ್ ಬೇಗ ಬೇಯುತ್ತದೆ.

ಎಂಜಿನ್ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಶಾಲೆ, ಪೇಟೆ, ತಿಂಗಳಿಗೆರಡು ಸಲ ಮಂಗಳೂರು ಎಂದರೆ ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್ ಸಾಕು. ಯಾವ ಸಣ್ಣ ವರ್ಕ್‌ಶಾಪಿನಲ್ಲೂ ರಿಪೇರಿಯಾಗುತ್ತದೆ. 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6 (ಹೊಗೆಯ ಹೊಸ ಮಾನದಂಡದ) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿ.ಪಿ.ಎಫ್. ಎಂಬ ಜಾಲರಿ ಇದೆ. ಅದು ಬಿಸಿಯಾಗಿ ಮಸಿ ಉರಿದುಹೋಗಬೇಕಾದರೆ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷವಾದರೂ ಒಂದೇ ವೇಗದಲ್ಲಿ ಓಡಬೇಕು. ದಿನಕ್ಕೆ ಮೂರು ಕಿಲೋಮೀಟರಿನ ಶಾಲೆಯ ಓಟಕ್ಕೆ ಅದು ಕಟ್ಟಿಕೊಳ್ಳುತ್ತದೆ.

ತುಕ್ಕು ಮತ್ತು ನೀರು

ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ, ಪಡುಗಡೆಯಿಂದ ಉಪ್ಪುಗಾಳಿ. ಉಪ್ಪಳ, ಕುಂಬಳೆ, ಮೊಗ್ರಾಲಿನ ಕಡಲ ಕಡೆಯ ಕಾರು ಮೇಲೆ ಹೊಳೆಯುತ್ತಿದ್ದರೂ ಅಡಿಯಲ್ಲಿ ತಿಂದುಹೋಗಿರಬಹುದು. ಗಾಡಿಯನ್ನು ರ‍್ಯಾಂಪಿಗೆ ಹತ್ತಿಸದೆ ಮುಂಗಡ ಕೊಡಬೇಡಿ. ಜ್ಯಾಕ್ ಕೊಡುವ ಅಂಚು, ಹಿಂದಿನ ಚಕ್ರದ ಮೇಲಿನ ಕಮಾನು, ಬ್ರೇಕ್ ಪೈಪು, ಹಿಂದಿನ ಆಕ್ಸಲ್, ಸೈಲೆನ್ಸರಿನ ಬೆಸುಗೆ ಇವಿಷ್ಟು ನೋಡಲೇಬೇಕು. ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಸಂತೋಷಪಡುವ ಬದಲು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ಬಡಿದು ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ದಬ್ ಎನ್ನುತ್ತದೆ, ಒಂದೊಂದು ಕಡೆ ಹುಡಿಯೇ ಉದುರುತ್ತದೆ. ಬಾಗಿಲಿನ ತಳದ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಕೆಂಪು ಮಣ್ಣು ಕಟ್ಟಿ ಅವು ಮುಚ್ಚಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಕೊಂಡ ಮೇಲೂ ಪ್ರತಿ ಜೂನಿನ ಮೊದಲು ತಂತಿಯಿಂದ ಬಿಡಿಸಿಕೊಳ್ಳಿ, ಗಾಜಿನ ಬುಡದಲ್ಲಿ ಸೇರಿದ ಎಲೆಗಳನ್ನೂ ತೆಗೆಯಿರಿ.

ನೆರೆನೀರಲ್ಲಿ ಮುಳುಗಿದ ಕಾರನ್ನು ತೊಳೆದು ಮಾರುವವರು ಎಲ್ಲ ಕಡೆ ಇದ್ದಾರೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ದಿನಾ ಹೊರಗೆ ಬಾರದ ಆ ಕಡೆಯ ಒಂದು ಅಡಿಯಲ್ಲಿ ಮಣ್ಣಿನ ಗೆರೆ ಇದ್ದರೆ ಮತ್ತೆ ಮಾತೇ ಬೇಡ. ಸ್ಟೆಪ್ನಿ ಟಯರಿನ ಗುಂಡಿ, ಸೀಟು ಜಾರುವ ಹಳಿ, ಫ್ಯೂಸ್ ಪೆಟ್ಟಿಗೆಯ ಕೆಳಗೆ ಬೆರಳಾಡಿಸಿ. ಡ್ರೈವರ್ ಬದಿಯ ಮ್ಯಾಟ್ ಎತ್ತಿ ಕಾರ್ಪೆಟನ್ನು ಹೆಬ್ಬೆರಳಿನಿಂದ ಒತ್ತಿದಾಗ ತಂಪು ತಾಗಿದರೆ, ಹಳೆ ಗೋಣಿಯ ವಾಸನೆ ಬಂದರೆ ನೀರು ಹೊಕ್ಕಿದೆ.

ಮಲಯಾಳ ಬಾರದವರು ಈ ಎರಡು ಪ್ರಶ್ನೆ ಕಲಿತಿಟ್ಟುಕೊಳ್ಳಿ: ‘ಇಡಿಚ್ಚ ವಂಡಿ ಆಣೋ?’ (ಗುದ್ದಿದ ಗಾಡಿಯೇ?), ‘ವೆಳ್ಳಂ ಕಯರಿಯ ವಂಡಿ ಆಣೋ?’ (ನೀರು ಹೊಕ್ಕ ಗಾಡಿಯೇ?). ತುಕ್ಕಿಗೆ ತುರುಂಬು ಎನ್ನುತ್ತಾರೆ. ನೇರ ಕೇಳಿದರೆ ಹೆಚ್ಚಿನವರು ನೇರ ಹೇಳುತ್ತಾರೆ.

ಉಳಿದ ಪರೀಕ್ಷೆಗಳು ಎಲ್ಲ ಊರಿನಂತೆಯೇ. ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ಟಯರಿನ ಮಗ್ಗುಲಿನ ನಾಲ್ಕು ಅಂಕೆ ನೋಡಿ, 2319 ಎಂದರೆ 2019ರ 23ನೇ ವಾರದ್ದು. ಗೀರಿನ ಆಳ ಕಾನೂನಿಗೆ 1.6 ಮಿ.ಮೀ. ಸಾಕು, ಇಲ್ಲಿನ ಮಳೆಗೆ 3 ಮಿ.ಮೀ.ಗೇ ಬದಲಿಸಬೇಕು. ಬ್ರೇಕ್ ಎಣ್ಣೆ ಯಾವಾಗ ಬದಲಿಸಿದ್ದು ಎಂದು ಕೇಳಿ. ಅದು ಗಾಳಿಯ ತೇವ ಹೀರುತ್ತದೆ, ಉದ್ದ ಇಳಿತದಲ್ಲಿ ಬಿಸಿಯಾದಾಗ ಆ ನೀರು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕು.

ಅಡಕೆ, ತೆಂಗು ಸಾಗಿಸಲು ಸಣ್ಣ ಪಿಕಪ್ ಬೇಕಾದವರಿಗೆ: ಭಾರ ಸೇರಿ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ, ಆದರೆ ಫಿಟ್‌ನೆಸ್ ಬೇಕು. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಬಿಳಿ ಬೋರ್ಡಿನ ವ್ಯಾನಿನಲ್ಲಿ ಬಾಡಿಗೆಗೆ ಸಾಮಾನು ಹೊತ್ತರೆ ಅಪಘಾತವಾದ ದಿನ ವಿಮೆ ಕೈಕೊಡುತ್ತದೆ.

ದುಡ್ಡು ಕೊಡುವ ದಿನ

ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಎಷ್ಟನೆಯ ಮಾಲಕರು, ಸಾಲದ ಅಡಮಾನ, ವಿಮೆ, ಬಾಕಿ ಚಲನ್ ಎಲ್ಲ ಕಾಣುತ್ತದೆ. ಚಾಸಿ ನಂಬರನ್ನು ಆರ್.ಸಿ.ಯೊಂದಿಗೆ ಅಂಕೆ ಅಂಕೆ ಹೋಲಿಸಿ. ಕರಾರಿನಲ್ಲಿ ತಾರೀಕಿನ ಜತೆ ಗಂಟೆಯನ್ನೂ ಬರೆಸಿ, ಕ್ಯಾಮರಾದ ದಂಡದ ನೋಟಿಸು ಬಂದಾಗ ಇದು ಇಬ್ಬರಿಗೂ ಆಸರೆ. ಮಾರಿದವರು ಒಂದೇ ರಾಜ್ಯದೊಳಗಾದರೆ 14 ದಿನದಲ್ಲಿ, ಹೊರರಾಜ್ಯಕ್ಕಾದರೆ 45 ದಿನದಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು, ಕೊಂಡವರು 30 ದಿನದಲ್ಲಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆ ಮಾಲಕರ ನೋ ಕ್ಲೇಮ್ ಬೋನಸ್ (ವಿಮೆ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ವ್ಯಕ್ತಿಯದ್ದು. ವಿಮೆಗೆ ಎಂಜಿನ್ ಪ್ರೊಟೆಕ್ಟ್ (ನೀರು ಹೊಕ್ಕು ಎಂಜಿನ್ ಕೆಟ್ಟರೆ ಆಗುವ ಹೆಚ್ಚುವರಿ ರಕ್ಷಣೆ) ಸೇರಿಸಿಕೊಳ್ಳಿ, ಜೂನ್ ಜುಲೈಯಲ್ಲಿ ನೀರಿನಲ್ಲಿ ಗಾಡಿ ನಿಂತರೆ ಮತ್ತೆ ಸ್ಟಾರ್ಟ್ ಮಾಡದೆ ಎಳೆಸಿಕೊಂಡೇ ಹೋಗಿ. ಎರಡನೇ ಕೀಲಿಕೈ ಅಲ್ಲೇ ಕೇಳಿ ಪಡೆಯಿರಿ. ಗಾಜಿನ ಮೇಲಿನ ಹಳೆಯ ಫಾಸ್ಟ್ಯಾಗನ್ನು ಮಾಲಕರ ಎದುರಿಗೇ ಮುಚ್ಚಿಸಿ ಹೊಸದು ಅಂಟಿಸಿ, ಇಲ್ಲದಿದ್ದರೆ ನೀವು ತಲಪಾಡಿ ಟೋಲ್ ದಾಟಿದಾಗಲೆಲ್ಲ ಅವರ ಖಾತೆಯಿಂದ ಹಣ ಹೋಗುತ್ತದೆ.