ಅಂತರಸನಹಳ್ಳಿಯ ನಮ್ಮ ಶೆಡ್ಡಿಗೆ ಕ್ಯಾಮ್ ತಂತ್ರಾಂಶ ಹುಡುಕಿದ ಬಗೆ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಎರಡು ಲೇತ್, ಫ್ಯಾನಕ್ ಕಂಪನಿಯ ಕಂಟ್ರೋಲ್ (ಯಂತ್ರ ನಡೆಸುವ ಕಂಪ್ಯೂಟರ್) ಇರುವ ಒಂದು ಹಳೆಯ ವಿಎಂಸಿ, ಅಂದರೆ ಪ್ರೋಗ್ರಾಮಿನಂತೆ ತಾನೇ ಲೋಹ ಕಡೆಯುವ ಯಂತ್ರ. ಪೀಣ್ಯದ ಗಿರಾಕಿಗಳಿಗೆ ಫಿಕ್ಸ್ಚರ್ ಪ್ಲೇಟ್, ಪಂಪಿನ ಫ್ಲ್ಯಾಂಜ್ ಮಾಡಿಕೊಡುತ್ತೇವೆ. ಬಹಳ ಕಾಲ ಪ್ರೋಗ್ರಾಮನ್ನು ಯಂತ್ರದ ಮುಂದೆ ನಿಂತು ಕೈಯಿಂದಲೇ ಒತ್ತುತ್ತಿದ್ದೆ. ನಾಲ್ಕು ರಂಧ್ರದ ಪ್ಲೇಟಿಗೆ ಅಷ್ಟು ಸಾಕು. ಆದರೆ ಬಾಗಿದ ಅಂಚುಗಳ ಒಂದು ಪ್ಲೇಟ್ ಬಂದ ದಿನ, ಕಂಸಗಳು ಸೇರುವ ಬಿಂದುಗಳನ್ನು ಕ್ಯಾಲ್ಕ್ಯುಲೇಟರಿನಲ್ಲಿ ಹುಡುಕುತ್ತಾ ಅರ್ಧ ಪಾಳಿ ಕಳೆಯಿತು. ಅಷ್ಟು ಹೊತ್ತೂ ಟೂಲ್ ತಿರುಗಿಸುವ ಸ್ಪಿಂಡಲ್ ನಿಂತೇ ಇತ್ತು. ಇದರ ಜೊತೆಗೆ ನಮ್ಮ ಕಂಟ್ರೋಲ್‌ನಲ್ಲಿ ‘ಎಕ್ಸ್50’ ಎಂದು ಬರೆದು ದಶಮಾಂಶ ಬಿಂದು ಮರೆತರೆ, ಯಂತ್ರ ಅದನ್ನು 50 ಮಿ.ಮೀ. ಎಂದು ಓದುವುದಿಲ್ಲ, 0.050 ಮಿ.ಮೀ. ಎಂದು ಓದುತ್ತದೆ. ಸಂಜೆಯ ಆಯಾಸದಲ್ಲಿ ಆ ಒಂದು ಚುಕ್ಕೆ ತಪ್ಪಿಹೋದೀತೆಂಬ ಭಯ ಬಿಟ್ಟದ್ದೇ ಇಲ್ಲ.

ಅದಕ್ಕೇ ಕ್ಯಾಮ್ ತಂತ್ರಾಂಶ, ಅಂದರೆ ಡ್ರಾಯಿಂಗಿನಿಂದ ಟೂಲ್ ಚಲಿಸುವ ಪಥ ಲೆಕ್ಕ ಹಾಕಿ ಯಂತ್ರದ ಪ್ರೋಗ್ರಾಮ್ ಬರೆದುಕೊಡುವ ತಂತ್ರಾಂಶ, ಹುಡುಕಲು ಹೊರಟೆ. ಮೊದಲು ಒಂದು ದೊಡ್ಡ ಪ್ಯಾಕೇಜಿನ ಮಾರಾಟಗಾರರು ಬಂದರು. ಐದು ಅಕ್ಷದ ಯಂತ್ರದಲ್ಲಿ ಇಂಪೆಲ್ಲರ್ (ಪಂಪಿನ ರೆಕ್ಕೆಚಕ್ರ) ಕಡೆಯುವುದನ್ನು ಪರದೆಯ ಮೇಲೆ ತೋರಿಸಿದರು. ನನ್ನ ಯಂತ್ರಕ್ಕೆ ಇರುವುದು ಮೂರು ಅಕ್ಷ. ದರ ಲಕ್ಷಗಳಲ್ಲಿತ್ತು, ವರ್ಷಾವರ್ಷದ ನಿರ್ವಹಣಾ ಶುಲ್ಕ ಬೇರೆ. ಪರಿಚಿತರೊಬ್ಬರು ಕಳ್ಳಪ್ರತಿ ಕೊಡುತ್ತೇನೆಂದಾಗ ಬೇಡವೆಂದೆ. ಗಿರಾಕಿಗಳ ಡ್ರಾಯಿಂಗ್ ಇರುವ ಕಂಪ್ಯೂಟರಿಗೆ ಎಲ್ಲಿಂದಲೋ ಬಂದ ಕಡತ ಸೇರಿಸಲಾರೆ. ಇನ್ನೊಬ್ಬರ ದುಡಿಮೆಯನ್ನು ಕದ್ದು ನನ್ನ ದುಡಿಮೆ ನಡೆಸುವುದಕ್ಕೂ ಮನಸ್ಸು ಒಪ್ಪಲಿಲ್ಲ.

ಡೆಮೊ ನೋಡಿ ಕೊಳ್ಳುವುದು ಬೇಡವೆಂದು ಅಂದೇ ನಿರ್ಧರಿಸಿದೆ. ನನ್ನನ್ನು ದಣಿಸಿದ್ದ ಅದೇ ಪ್ಲೇಟನ್ನು ಪ್ರತಿ ತಂತ್ರಾಂಶದಲ್ಲೂ ಮಾಡಿಸುವುದು. ಮಾಡುವವನು ನಾನಲ್ಲ, ಗುಬ್ಬಿಯಿಂದ ಬಸ್ಸಿನಲ್ಲಿ ಬರುವ ನಮ್ಮ ಐಟಿಐ ಹುಡುಗ. ದಿನವಿಡೀ ಯಂತ್ರದ ಮುಂದೆ ನಿಲ್ಲುವವನು ಅವನೇ.

ಆಟೊಡೆಸ್ಕ್ ಕಂಪನಿಯ ಫ್ಯೂಷನ್ ತಂತ್ರಾಂಶ ಅವನಿಗೆ ಬೇಗ ಒಲಿಯಿತು. ಎರಡನೆಯ ದಿನವೇ ಪಾಕೆಟ್ ಕೊರೆಯುವ ಪಥ ತೆಗೆದ. ಆದರೆ ಅದರ ಉಚಿತ ಪರವಾನಗಿ ವೈಯಕ್ತಿಕ ಬಳಕೆಗೆ ಮಾತ್ರ, ಹಣ ಪಡೆದು ಮಾಡುವ ಕೆಲಸಕ್ಕೆ ಸಲ್ಲದು. ಅದೂ ಅಲ್ಲದೆ 2020ರಿಂದ ಆ ಉಚಿತ ಆವೃತ್ತಿಯಲ್ಲಿ ಟೂಲ್ ಕತ್ತರಿಸದೆ ವೇಗವಾಗಿ ಸರಿಯುವ ರ‍್ಯಾಪಿಡ್ ಚಲನೆಗಳು ಲೋಹ ಕತ್ತರಿಸುವಾಗಿನ ನಿಧಾನದ ಫೀಡ್ ವೇಗಕ್ಕೆ ಇಳಿದಿವೆ, ಟೂಲ್ ಬದಲಾವಣೆಯೂ ಒಂದೇ ಪ್ರೋಗ್ರಾಮಿನಲ್ಲಿ ಬರುವುದಿಲ್ಲ. ಕಡತಗಳು ಕ್ಲೌಡ್‌ನಲ್ಲಿ ಉಳಿಯುತ್ತವೆ ಎಂಬುದನ್ನೂ ಗಿರಾಕಿಗಳಿಗೆ ಹೇಳಬೇಕಾಗುತ್ತದೆ.

ಫ್ರೀಕ್ಯಾಡ್ ಮುಕ್ತ ತಂತ್ರಾಂಶ. ವಾಣಿಜ್ಯ ಕೆಲಸಕ್ಕೂ ಶುಲ್ಕವಿಲ್ಲ, ಕಡತ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಕಲಿಯುವುದು ಮಾತ್ರ ನಿಧಾನ. ಹಿಂದಿನ ಆವೃತ್ತಿಗಳಲ್ಲಿ ಮಾದರಿಯ ಒಂದು ಅಳತೆ ತಿದ್ದಿದರೆ ಮುಖಗಳ ಹೆಸರು ಅದಲುಬದಲಾಗಿ ಟೂಲ್ ಪಥಗಳು ಕೆಡುತ್ತಿದ್ದವು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಆ ಕಾಟ ಬಹಳಷ್ಟು ತಗ್ಗಿತು. ಅದೇ ಆವೃತ್ತಿಯಲ್ಲಿ ‘ಪಾತ್’ ವಿಭಾಗದ ಹೆಸರು ‘ಕ್ಯಾಮ್’ ಎಂದಾಯಿತು. ಹುಡುಗ ಒಂದು ನೋಟ್ ಪುಸ್ತಕ ಮಾಡಿಕೊಂಡ: ಪ್ರೊಫೈಲ್ ಎಂದರೆ ಅಂಚು, ಪಾಕೆಟ್ ಎಂದರೆ ಗುಂಡಿ, ಸ್ಟಾಕ್ ಎಂದರೆ ಕಚ್ಚಾ ತುಂಡು. ಎರಡು ವಾರದಲ್ಲಿ ಆ ಬಾಗಿದ ಪ್ಲೇಟ್ ಅವನ ಕೈಯಲ್ಲಿ ಪೂರ್ತಿಯಾಯಿತು.

ನಾನು ಹೆಚ್ಚು ಸಮಯ ಕೊಟ್ಟದ್ದು ಪೋಸ್ಟ್ ಪ್ರೊಸೆಸರಿಗೆ. ಪರದೆಯ ಮೇಲಿನ ಪಥವನ್ನು ನಮ್ಮ ಯಂತ್ರ ಓದುವ ಜಿ-ಕೋಡ್ ಆಗಿ ಬರೆಯುವುದು ಅದೇ. ಕೊಳ್ಳುವ ಮೊದಲು ಇದನ್ನು ವಿಚಾರಿಸುವವರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ. ಫ್ರೀಕ್ಯಾಡ್‌ನ ಪೋಸ್ಟ್ ಒಂದು ಪೈಥಾನ್ ಕಡತ, ತೆರೆದು ಓದಬಹುದು. ಕೈಯಿಂದ ಬರೆದು ಚೆನ್ನಾಗಿ ಓಡಿದ್ದ ಹಳೆಯ ಪ್ರೋಗ್ರಾಮನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದೆ: ಪ್ರೋಗ್ರಾಮ್ ಸಂಖ್ಯೆ, ಕೆಲಸದ ಶೂನ್ಯಬಿಂದು ಹೇಳುವ ಜಿ54, ಟೂಲ್ ಉದ್ದದ ಜಿ43, ಕೊನೆಯಲ್ಲಿ ಝಡ್ ಮೇಲೆ ಹೋಗುವ ಜಿ28, ಪ್ರೋಗ್ರಾಮ್ ಮುಗಿಸುವ ಎಂ30. ನಮ್ಮ ಯಂತ್ರಕ್ಕೆ ಹೊಂದದ ಕೆಲವು ಸಾಲುಗಳನ್ನು ತಿದ್ದಿದೆ.

ಇಷ್ಟಾದರೂ ಒಂದು ಡ್ರಿಲ್ ಮುರಿಯಿತು, ತಪ್ಪು ನನ್ನದೇ. ರಂಧ್ರಗಳ ನಡುವೆ ತುಂಡನ್ನು ಹಿಡಿದಿಡುವ ಕ್ಲ್ಯಾಂಪ್ ಇತ್ತು. ಮಾದರಿಯಲ್ಲಿ ಅದನ್ನು ಸೇರಿಸಿರಲಿಲ್ಲ, ಹಿಂತೆಗೆತವನ್ನು, ಅಂದರೆ ಒಂದು ರಂಧ್ರ ಮುಗಿದ ಮೇಲೆ ಡ್ರಿಲ್ ಎಷ್ಟು ಎತ್ತರಕ್ಕೆ ಏರಬೇಕೆಂಬುದನ್ನು, ಜಿ99ಕ್ಕೆ ಇಟ್ಟಿದ್ದೆ. ಡ್ರಿಲ್ ಆರಂಭದ ಎತ್ತರಕ್ಕೆ ಏರದೆ, ಮೇಲ್ಮೈಗೆ ಹತ್ತಿರದ ಆರ್ ಮಟ್ಟದಲ್ಲೇ ಅಡ್ಡ ಚಲಿಸಿ ಕ್ಲ್ಯಾಂಪಿಗೆ ಬಡಿಯಿತು. ಅಂದಿನಿಂದ ಕ್ಲ್ಯಾಂಪ್ ಇರುವ ಕೆಲಸಕ್ಕೆಲ್ಲ ಆರಂಭದ ಎತ್ತರಕ್ಕೇ ಏರಿಸುವ ಜಿ98. ಹೊಸ ಪ್ರೋಗ್ರಾಮ್ ಮೊದಲು ಕೆಲಸದಿಂದ 50 ಮಿ.ಮೀ. ಮೇಲೆ ಗಾಳಿಯಲ್ಲಿ, ಒಂದೊಂದೇ ಸಾಲು ನಡೆಸುವ ಸಿಂಗಲ್ ಬ್ಲಾಕ್‌ನಲ್ಲಿ ಓಡುತ್ತದೆ.

ವೇಗ ಮತ್ತು ಫೀಡನ್ನು ತಂತ್ರಾಂಶದಲ್ಲಿ ಮೊದಲೇ ಇರುವ ಅಂಕಿಗಳಿಗೆ ಬಿಡುವುದಿಲ್ಲ. ಇಎನ್8 ಉಕ್ಕಿಗೆ ನಾಲ್ಕು ಹಲ್ಲಿನ 10 ಮಿ.ಮೀ. ಕಾರ್ಬೈಡ್ ಎಂಡ್ ಮಿಲ್ ಹಾಕಿ ನಿಮಿಷಕ್ಕೆ 100 ಮೀಟರ್ ಕತ್ತರಿಸುವ ವೇಗ ಹಿಡಿದರೆ ನಿಮಿಷಕ್ಕೆ ಸುಮಾರು 3180 ಸುತ್ತು. ಪ್ರತಿ ಹಲ್ಲಿಗೆ 0.05 ಮಿ.ಮೀ.ನಂತೆ ಫೀಡ್ ನಿಮಿಷಕ್ಕೆ ಸುಮಾರು 635 ಮಿ.ಮೀ. ಈ ಲೆಕ್ಕ ಹುಡುಗನ ಪುಸ್ತಕದ ಮೊದಲ ಪುಟದಲ್ಲಿದೆ.

ಈಗ ಪ್ಲೇಟ್, ಫ್ಲ್ಯಾಂಜ್‌ಗಳೆಲ್ಲ ಫ್ರೀಕ್ಯಾಡ್‌ನಲ್ಲೇ ಆಗುತ್ತವೆ. ಮೂರು ಆಯಾಮದ ಮೇಲ್ಮೈ ಕಡೆಯುವುದರಲ್ಲಿ ಅದು ಇನ್ನೂ ಹಿಂದಿದೆ. ಅಂಥ ಅಚ್ಚಿನ ಕೆಲಸ ಬಂದ ತಿಂಗಳು ಮಾತ್ರ ಫ್ಯೂಷನ್ನಿಗೆ ಚಂದಾ ಕಟ್ಟಿ, ಆ ಖರ್ಚನ್ನು ಗಿರಾಕಿಗೆ ಕೊಡುವ ದರದಲ್ಲೇ ಸೇರಿಸುತ್ತೇನೆ. ತಿದ್ದಿದ ಪೋಸ್ಟ್‌ನ ಪ್ರತಿ ಎರಡು ಪೆನ್‌ಡ್ರೈವ್‌ಗಳಲ್ಲಿದೆ. ತಂತ್ರಾಂಶದ ಹೊಸ ಆವೃತ್ತಿ ಹಾಕಿದ ದಿನ ಗಿರಾಕಿಯ ಕೆಲಸ ಮುಟ್ಟುವ ಮೊದಲು ಆ ನಾಲ್ಕು ರಂಧ್ರದ ಪ್ಲೇಟನ್ನೇ ಮತ್ತೊಮ್ಮೆ ಓಡಿಸುತ್ತೇವೆ.