ಹುಳಕಡ್ಡಿಯ ಮಾತ್ರೆಯೂ ತೊಟ್ಟೆಯೊಳಗಿನ ಉಳಿದ ಮಾತ್ರೆಗಳೂ

ಆಟಿಯ ಮಳೆಯಲ್ಲಿ ಅಡಿಕೆಗೆ ಮದ್ದು ಬಿಡುವವರ ಹಿಂದೆ ಪೈಪು ಎಳೆಯುತ್ತ ದಿನವಿಡೀ ಒದ್ದೆ ಬಟ್ಟೆಯಲ್ಲಿದ್ದರೆ ತೊಡೆಸಂದಿಗೆ ಹುಳಕಡ್ಡಿ ಹತ್ತುವುದು ಬದಿಯಡ್ಕದ ಕಡೆ ಯಾರಿಗೂ ಹೊಸತಲ್ಲ. ಅಂಗಡಿಯಿಂದ ಟ್ಯೂಬು ತಂದು ಹಚ್ಚಿ, ತುರಿಕೆ ನಿಂತಿತೆಂದು ಸಮಾಧಾನಪಡುವವರೇ ಹೆಚ್ಚು. ಅಂಥ ಹಲವು ಟ್ಯೂಬುಗಳಲ್ಲಿ ಕ್ಲೋಬೆಟಾಸೋಲ್ ಎಂಬ ಸ್ಟೀರಾಯ್ಡ್ ಬೆರೆತಿರುತ್ತದೆ. ಕೆಂಪು ಅಡಗುತ್ತದೆ, ಹುಳಕಡ್ಡಿ ತರುವ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ, ಚರ್ಮ ತೆಳುವಾಗುತ್ತದೆ. ನನ್ನದು ಸೊಂಟ ದಾಟಿ ಬೆನ್ನಿಗೇರಿತ್ತು. ಮಂಗಳೂರಿನ ಚರ್ಮದ ಡಾಕ್ಟರು ಶಿಲೀಂಧ್ರಕ್ಕೆ ನುಂಗುವ ಮದ್ದು ಇಟ್ರಾಕೊನಜೋಲ್ ಬರೆದರು.

ಬರೆಯುವ ಮೊದಲು, "ಬೇರೆ ಯಾವ ಮಾತ್ರೆ ಉಂಟು?" ಎಂದರು. ತೊಟ್ಟೆಯಲ್ಲಿ ತಂದದ್ದನ್ನೆಲ್ಲ ಮೇಜಿನ ಮೇಲೆ ಸುರಿದೆ: ಗ್ಯಾಸಿಗೆ ಪ್ಯಾಂಟೊಪ್ರಜೋಲ್, ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್, ಬಿಪಿಗೆ ಆಮ್ಲೋಡಿಪಿನ್. ಬಿಪಿಯ ಡಾಕ್ಟರು ಕಾಸರಗೋಡಿನಲ್ಲಿ, ಚರ್ಮದವರು ಮಂಗಳೂರಿನಲ್ಲಿ. ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳಬೇಕಾದರೆ ತಲಪಾಡಿಯ ಗಡಿ ದಾಟಿಸಿ ನಾವೇ ಒಯ್ಯಬೇಕಷ್ಟೆ.

ಮೂರಕ್ಕೂ ಹೊಸ ಮಾತ್ರೆಯ ಜೊತೆ ತಕರಾರಿತ್ತು. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮೈಗೆ ಹಿಡಿಯಲು ಹೊಟ್ಟೆಯಲ್ಲಿ ಆಮ್ಲ ಬೇಕು, ಗ್ಯಾಸಿನ ಮಾತ್ರೆ ಅದನ್ನೇ ಇಳಿಸುತ್ತದೆ. ಉಳಿದೆರಡನ್ನು ಒಡೆದು ಹೊರಹಾಕುವ ಲಿವರಿನ ಕಿಣ್ವಕ್ಕೆ ಇಟ್ರಾಕೊನಜೋಲ್ ಅಡ್ಡ ನಿಲ್ಲುತ್ತದೆ. ಹಾಗಾಗಿ ಅವು ರಕ್ತದಲ್ಲಿ ಏರುತ್ತವೆ. ಕೊಲೆಸ್ಟ್ರಾಲಿನ ಮಾತ್ರೆ ಹಾಗೆ ಏರಿದರೆ ಮಾಂಸಖಂಡಗಳಿಗೇ ಪೆಟ್ಟು. ಕಾಸರಗೋಡಿನವರ ಜೊತೆ ಫೋನಿನಲ್ಲಿ ಮಾತಾಡಿ ಗ್ಯಾಸಿನದ್ದನ್ನೂ ಕೊಲೆಸ್ಟ್ರಾಲಿನದ್ದನ್ನೂ ಸದ್ಯಕ್ಕೆ ನಿಲ್ಲಿಸಿದರು. ಕ್ಯಾಪ್ಸೂಲನ್ನು ಊಟವಾದ ಕೂಡಲೇ ನುಂಗಬೇಕು. ಗಂಜಿ, ಚಟ್ನಿ ಉಂಡೆದ್ದು ನುಂಗಿದ ಮೇಲೆ ಹೊಟ್ಟೆ ತೊಳಸುವುದೂ ಕಡಿಮೆಯಾಯಿತು.

ಕೆಲವು ದಿನ ಕಳೆದು ಸಂಜೆ ಹೊತ್ತಿಗೆ ಕಾಲಗಂಟು ಊದತೊಡಗಿತು. ಹೆಬ್ಬೆರಳಲ್ಲಿ ಒತ್ತಿದರೆ ಕುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿತ್ತು. ಆಮ್ಲೋಡಿಪಿನ್ ಹೆಚ್ಚಾದರೂ ಕಾಲು ಊದುತ್ತದೆ. ಇಟ್ರಾಕೊನಜೋಲ್ ತಾನೇ ಹೃದಯದ ಬಲ ತಗ್ಗಿಸಿದರೂ ಊದುತ್ತದೆ. ಯಾವುದರದ್ದೆಂದು ಮನೆಯಲ್ಲಿ ಕೂತು ಹೇಳಲಾಗುವುದಿಲ್ಲ. ಹೃದಯ ಸೋತವರಿಗೆ ಈ ಮದ್ದನ್ನು ಸಾಮಾನ್ಯವಾಗಿ ಕೊಡುವುದೇ ಇಲ್ಲವಂತೆ. ತೋಟದಲ್ಲಿ ನಿಂತದ್ದು ಹೆಚ್ಚಾಯಿತು ಎಂದು ಬಿಡದೆ ಮರುದಿನವೇ ತೋರಿಸಿದೆ. ಇಸಿಜಿ ಸರಿಯಿತ್ತು, ಬಿಪಿಯ ಮಾತ್ರೆ ಬದಲಾಯಿತು, ಊತ ಇಳಿಯಿತು. ಉಬ್ಬಸವೂ ಜೊತೆಗಿದ್ದರೆ ಮರುದಿನದವರೆಗೆ ಕಾಯಲೇಬಾರದು.

ಲಿವರಿನ ರಕ್ತಪರೀಕ್ಷೆ ಶುರುವಿಗೆ ಒಮ್ಮೆ, ನಡುವೆ ಒಮ್ಮೆ ಆಯಿತು. ಮನೆಯಲ್ಲಿ ಗಮನಿಸಲು ಹೇಳಿದ್ದು: ಊಟ ಸೇರದಿರುವುದು, ವಾಂತಿ, ಬಲಪಕ್ಕೆಯ ಕೆಳಗೆ ನೋವು, ಕಣ್ಣು ಹಳದಿ, ಮಲ ಬಿಳಿಚಿಕೊಳ್ಳುವುದು, ಮೂತ್ರ ಹಾಲಿಲ್ಲದ ಕಟ್ಟಂಚಾಯದ ಬಣ್ಣಕ್ಕೆ ತಿರುಗುವುದು. ಇವು ಕಂಡರೆ ಮಾತ್ರೆ ನಿಲ್ಲಿಸಿ ಡಾಕ್ಟರಲ್ಲಿಗೆ ಹೋಗಬೇಕು. ನೆಲನೆಲ್ಲಿ ಕಷಾಯ ಕುಡಿದು ನೋಡೋಣ ಎನ್ನುವ ಹೊತ್ತಲ್ಲ ಅದು.

ಅಷ್ಟರಲ್ಲಿ ನನ್ನಿಂದ ನನ್ನವಳಿಗೂ ಹರಡಿತ್ತು. ಅವಳಿಗೆ ಕೊಟ್ಟದ್ದು ಶಿಲೀಂಧ್ರದ್ದೇ ಇನ್ನೊಂದು ಮಾತ್ರೆ, ಟರ್ಬಿನಾಫಿನ್. ಹೊಟ್ಟೆಗೇನೂ ಆಗಲಿಲ್ಲ, ಬಾಯಿರುಚಿ ಹೋಯಿತು. ಗೊತ್ತಾದದ್ದು ಸೊಸೆಯಿಂದ. ಕೊದಿಲು ಬಾಯಿಗಿಟ್ಟವಳು ಮೆಲ್ಲ ಕೇಳಿದಳು, "ಅತ್ತೆ, ಉಪ್ಪು ಎರಡು ಸರ್ತಿ ಬಿತ್ತಾ?" ಇವಳಿಗೆ ಅದು ಸಪ್ಪೆ! ಡಾಕ್ಟರು ಮಾತ್ರೆ ನಿಲ್ಲಿಸಿ ಬರಿಯ ಹಚ್ಚುವ ಮದ್ದಿನಲ್ಲೇ ಮುಂದುವರಿಸಿದರು. ರುಚಿ ಹೆಚ್ಚಿನವರಿಗೆ ವಾರಗಳಲ್ಲಿ ಮರಳುತ್ತದೆ, ಕೆಲವರಿಗೆ ತಿಂಗಳುಗಳೇ ಬೇಕು. ಅದುವರೆಗೆ ಉಪ್ಪಿನ ಜವಾಬ್ದಾರಿ ಸೊಸೆಯದ್ದು.

ನನ್ನ ತುರಿಕೆ ಬೇಗ ನಿಂತರೂ ಮಾತ್ರೆ ಡಾಕ್ಟರು ಹೇಳಿದಷ್ಟೂ ದಿನ ನಡೆಯಿತು. ಕೊನೆಯದು ಮುಗಿದ ಮೇಲೂ ಒಂದೆರಡು ವಾರ ಅದರ ಅಂಶ ಮೈಯಲ್ಲಿ ಉಳಿಯುವುದರಿಂದ ಕೊಲೆಸ್ಟ್ರಾಲಿನ ಮಾತ್ರೆಯನ್ನು ಆಮೇಲೆಯೇ ಶುರುಮಾಡಲು ಹೇಳಿದರು. ಆ ತಾರೀಕನ್ನು ಅದರ ಪಟ್ಟಿಯ ಮೇಲೆಯೇ ಪೆನ್ನಿನಲ್ಲಿ ಬರೆದುಕೊಂಡು ಬಂದೆ.