ಬೇಗೂರಿನ ಶಾಸನ, ಕನ್ನಡ ವಿಕಿಪೀಡಿಯ ಮತ್ತು ನಾನು

ಊರಿನ ಇತಿಹಾಸದ ಗೀಳು ಹತ್ತಿದವರು ವಿಕಿಪೀಡಿಯಕ್ಕೆ ಬಂದರೆ ಎರಡು ವಿಷಯ ಕಲಿಯಬೇಕಾಗುತ್ತದೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಅನ್ನುವುದು ಮೊದಲನೆಯದು. ಅದು ಬೇಗ ಬರುತ್ತದೆ. ನಮಗೆ ಗೊತ್ತಿರುವುದರಲ್ಲಿ ಯಾವುದು ಅಲ್ಲಿ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಅನ್ನುವುದು ಎರಡನೆಯದು. ನಿಜವಾದ ಕಲಿಕೆ ಅದೇ. ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ರಜೆ ಸಿಕ್ಕಾಗಲೆಲ್ಲ ಬೆಂಗಳೂರಿನ ಹಳೆಯ ಗುಡಿ, ಕೆರೆ, ವೀರಗಲ್ಲು ಹುಡುಕಿಕೊಂಡು ಹೋಗುವವನು ನಾನು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಆದರೂ ನಗರದೊಳಗೆ ಸೇರಿಹೋದ ಎಷ್ಟೋ ಹಳ್ಳಿಗಳ ಬಗ್ಗೆ ಅಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ಕಲ್ಲಿನ ಮೇಲಿರುವುದು ಕನ್ನಡ, ಅದರ ಮುಂದೆ ದಿನಾ ಓಡಾಡುವವರು ಕನ್ನಡಿಗರು, ಅದರ ವಿವರ ಬೇಕೆಂದರೆ ಮಾತ್ರ ಇಂಗ್ಲಿಷಿಗೆ ಹೋಗಬೇಕು. ಇದನ್ನು ನನಗೆ ಸಹಿಸಲಾಗಲಿಲ್ಲ. ಹಾಗೆ ಶುರುವಾಯಿತು.

ಗುಂಡಿಗಳ ವಿಷಯ ಬೇಗ ಮುಗಿಸುತ್ತೇನೆ. ಮೊದಲು ಒಂದು ಖಾತೆ ತೆರೆದೆ. ಖಾತೆಯ ಜತೆಗೇ ‘ಪ್ರಯೋಗಪುಟ’ ಅಂತ ಒಂದು ಸಿಗುತ್ತದೆ. ಅಲ್ಲಿ ಏನು ಬರೆದರೂ ಯಾರ ಲೇಖನವೂ ಕೆಡುವುದಿಲ್ಲ. ಶೀರ್ಷಿಕೆ, ಕೊಂಡಿ, ಚಿತ್ರ, ಉಲ್ಲೇಖ ಹಾಕುವುದನ್ನೆಲ್ಲ ಅಲ್ಲೇ ಅಭ್ಯಾಸ ಮಾಡಿದೆ. ಟೈಪಿಂಗಿಗೆ ಬೇರೆ ತಂತ್ರಾಂಶ ಬೇಕಿಲ್ಲ, ಕನ್ನಡ ಕೀಲಿಮಣೆ ವಿಕಿಪೀಡಿಯದೊಳಗೇ ಇದೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ನಿಮ್ಮ ಹತ್ತಿರ ಇದ್ದರೆ ಅದನ್ನು ಯೂನಿಕೋಡಿಗೆ ಬದಲಾಯಿಸಿಕೊಂಡೇ ತನ್ನಿ, ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು ಬೀಳುತ್ತವೆ. ಏನಾದರೂ ಕೇಳಬೇಕೆಂದರೆ ‘ಅರಳಿಕಟ್ಟೆ’ ಅನ್ನುವ ಪುಟ ಇದೆ. ಎಷ್ಟು ಚೆಂದದ ಹೆಸರು, ಅಲ್ವಾ? ಸಂಪಾದಕರೆಲ್ಲ ಕೂಡುವ ಜಾಗ ಅದು. ಹೊಸಬರು ಕೇಳಿದರೆ ಅಲ್ಲಿ ಉತ್ತರ ಸಿಗುತ್ತದೆ.

ಹೊಸ ಲೇಖನಕ್ಕೆ ನಾನು ತಕ್ಷಣ ಕೈ ಹಾಕಲಿಲ್ಲ. ಇದ್ದ ಲೇಖನಗಳಲ್ಲಿ ಕಾಗುಣಿತ ತಿದ್ದಿದೆ, ಕೊಂಡಿ ಸೇರಿಸಿದೆ, ಉಲ್ಲೇಖ ಇಲ್ಲದ ಸಾಲಿಗೆ ಉಲ್ಲೇಖ ಹುಡುಕಿದೆ. ಈ ಕೊನೆಯ ಕೆಲಸವೇ ನನ್ನನ್ನು ಸಂಪಾದಕನನ್ನಾಗಿ ಮಾಡಿತು. ಒಂದು ಸಾಲಿನ ಬೆನ್ನು ಹತ್ತಿ ಹೋದರೆ ಇಡೀ ದಿನ ಹೋಗುತ್ತದೆ, ಆ ದಿನ ಕಲಿಯುವಷ್ಟು ಬೇರೆ ದಿನ ಕಲಿಯುವುದಿಲ್ಲ.

ಈಗ ಬೆಂಗಳೂರಿನೊಳಗೆ ಸೇರಿಹೋಗಿರುವ ಬೇಗೂರಿನ ಉದಾಹರಣೆ ಕೊಡುತ್ತೇನೆ. ‘ಬೆಂಗಳೂರು ಎಂಬ ಹೆಸರು ಬೇಗೂರಿನ ಶಾಸನದಲ್ಲಿದೆ’ ಅಂತ ಎಲ್ಲರೂ ಹೇಳುತ್ತಾರೆ. ಸರಿ, ಯಾವ ಶಾಸನ? ಬೇಗೂರಿನ ಹೆಸರು ಹೊತ್ತ ಪ್ರಸಿದ್ಧ ಕಲ್ಲುಗಳು ಎರಡಿವೆ. ಒಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ದೊಡ್ಡ ವೀರಗಲ್ಲು, ಆನೆ ಕುದುರೆ ಕಾಲಾಳುಗಳಿರುವ ಯುದ್ಧದ ದೃಶ್ಯವನ್ನು ಅದ್ಭುತವಾಗಿ ಕೆತ್ತಿದ್ದಾರೆ. ಗಂಗ ಅರಸ ಎರೆಯಪ್ಪನ ಕಾಲದಲ್ಲಿ ನಾಗತ್ತರ ಎಂಬವನು ವೀರಮಹೇಂದ್ರನ ಸೈನ್ಯದ ವಿರುದ್ಧ ಹೋರಾಡಿ ಮಡಿದ ಕಥೆ ಅದರಲ್ಲಿದೆ. ಇನ್ನೊಂದು ಕಲ್ಲು ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲೇ ಇದೆ, ಅದರ ಕಾಲ ಸುಮಾರು ಕ್ರಿ.ಶ. 890. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯವನೊಬ್ಬ ಸತ್ತ ಎಂದು ಹೇಳುವುದು ಈ ಕಲ್ಲು. ಎರಡರಲ್ಲೂ ನಾಗತ್ತರ ಬರುತ್ತಾನೆ, ಎರಡೂ ಬೇಗೂರಿನವು. ಹಾಗಾಗಿ ಒಂದರ ಚಿತ್ರ ಹಾಕಿ ಇನ್ನೊಂದರ ಕಥೆ ಬರೆಯುವುದು ತುಂಬ ಸುಲಭ.

ಇದು ಬಿಡಿಸಿಕೊಂಡದ್ದು ಪುಸ್ತಕದಲ್ಲಿ. ನಮ್ಮ ನಾಡಿನ ಶಾಸನಗಳನ್ನು ಅಚ್ಚು ಮಾಡಿದ ಸಂಪುಟಗಳ ಮಾಲೆ ಎಪಿಗ್ರಾಫಿಯ ಕರ್ನಾಟಿಕ. ಅದರ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ್ದು. ರೈಸ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, 1837ರಲ್ಲಿ. ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಆ ಸಂಪುಟದಲ್ಲಿದೆ. ‘ಬೆಂಗಳೂರು’ ಇರುವ ಕಲ್ಲನ್ನು ಆಮೇಲೆ ಪತ್ತೆ ಮಾಡಿದವರು ಆರ್. ನರಸಿಂಹಾಚಾರ್. ರೈಸ್ ನಂತರ ಮೈಸೂರು ಪುರಾತತ್ವ ಇಲಾಖೆ ನಡೆಸಿದವರು ಅವರೇ. ಅಂದರೆ ಎರಡನೆಯ ಕಲ್ಲಿನ ವಿಷಯ ಬರೆದು 1905ರ ಸಂಪುಟವನ್ನು ಉಲ್ಲೇಖವಾಗಿ ಕೊಟ್ಟರೆ, ಪುಟ ತೆಗೆದು ನೋಡಿದವರಿಗೆ ಅದು ಸಿಗುವುದಿಲ್ಲ. ಉಲ್ಲೇಖ ಕೊಡುವುದು ಶಿಸ್ತಿಗಾಗಿ ಅಂತ ಮೊದಲು ಅಂದುಕೊಂಡಿದ್ದೆ. ಬೇಗೂರಿನ ಕೆಲಸ ಮಾಡುವಾಗ ಗೊತ್ತಾಯಿತು, ವಿಷಯ ಸ್ಪಷ್ಟವಾಗುವುದೇ ಉಲ್ಲೇಖ ಹುಡುಕುವಾಗ.

ಈ ಸಂಪುಟಗಳನ್ನು ಬಳಸುವವರಿಗೆ ಒಂದು ಮಾತು. ಒಂದೇ ಸಂಪುಟದಲ್ಲಿ ಪೀಠಿಕೆ, ಇಂಗ್ಲಿಷ್ ಅನುವಾದ, ರೋಮನ್ ಲಿಪಿಯಲ್ಲಿ ಪಠ್ಯ, ಕನ್ನಡ ಲಿಪಿಯಲ್ಲಿ ಪಠ್ಯ ಎಲ್ಲ ಇರುತ್ತವೆ. ಬರೀ ‘ಪುಟ ಇಷ್ಟು’ ಎಂದರೆ ಓದುಗರು ಬೇರೆ ಭಾಗದಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ. ನಾನು ಸಂಪುಟ, ವರ್ಷ, ತಾಲ್ಲೂಕು, ಶಾಸನದ ಸಂಖ್ಯೆ, ಯಾವ ಭಾಗದ ಪುಟ, ಇಷ್ಟನ್ನೂ ಬರೆಯುತ್ತೇನೆ. ತಾಲ್ಲೂಕು ಮತ್ತು ಸಂಖ್ಯೆ ಇದ್ದರೆ ಯಾರು ಬೇಕಾದರೂ ಕಲ್ಲನ್ನು ಗುರುತಿಸಬಹುದು. ಸ್ಕ್ಯಾನ್ ಮಾಡಿದ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅಲ್ಲಿ ಸಿಗದ ಪುಸ್ತಕಕ್ಕೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಗೆ ಹೋಗುತ್ತೇನೆ.

ಇನ್ನು ಎಲ್ಲಕ್ಕಿಂತ ಕಷ್ಟದ ನಿಯಮಕ್ಕೆ ಬರುತ್ತೇನೆ. ವಿಕಿಪೀಡಿಯದಲ್ಲಿ ಸ್ವಂತ ಸಂಶೋಧನೆಗೆ ಜಾಗ ಇಲ್ಲ. ನಾನು ಕಲ್ಲಿನ ಮುಂದೆ ಕೂತು ಅಕ್ಷರ ಓದಿ ‘ಇದು ಹೀಗೆ’ ಅಂದರೆ ಅದು ಅಲ್ಲಿ ನಡೆಯುವುದಿಲ್ಲ. ಬೇರೆ ಯಾರೋ ಬಲ್ಲವರು ಪ್ರಕಟಿಸಿದ್ದಿರಬೇಕು. ಊರ ಹಿರಿಯರ ಮಾತಿಗೂ ಇದೇ ನಿಯಮ. ಬೇಗೂರಿನಲ್ಲಿ ಫೋಟೋ ತೆಗೆಯುತ್ತಿದ್ದಾಗ ಒಬ್ಬರು ಹಿರಿಯರು ಬಂದು ಪಕ್ಕದಲ್ಲಿ ನಿಂತರು.

‘ಏನಪ್ಪಾ, ಬರೀ ಕಲ್ಲಿನ ಫೋಟೋನೇ ತೆಗೀತಿದ್ದೀಯ. ದೇವ್ರ ದರ್ಶನ ಆಯ್ತಾ?’

‘ಆಯ್ತು ತಾತ.’

‘ಇಂಥದ್ದೇ ಇನ್ನೊಂದು ಕಲ್ಲು ಕೆರೆ ಕಡೆ ಇತ್ತು. ನಮ್ಮವ್ವ ಅದ್ರ ಮೇಲೆ ಬಟ್ಟೆ ಒಗೀತಿದ್ಲು. ಮಣ್ಣು ತುಂಬಿಸ್ದಾಗ ಒಳಗೆ ಹೋಯ್ತು.’

ಇದು ಚಿನ್ನದಂಥ ಮಾಹಿತಿ. ಆದರೆ ಲೇಖನಕ್ಕೆ ಹಾಕುವ ಹಾಗಿಲ್ಲ. ಹಾಗಂತ ಬಿಡುವುದೂ ತಪ್ಪು. ಅವರು ತೋರಿಸಿದ ಜಾಗ, ಹೇಳಿದ ಮಾತು, ದಿನಾಂಕ ಎಲ್ಲವನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಿಥಿಕ್ ಸೊಸೈಟಿಯಲ್ಲಿ 2021ರಿಂದ ನಡೆದಿದೆ. ಇಂಥ ಸುಳಿವು ಮುಟ್ಟಬೇಕಾದದ್ದು ಅಂಥವರಿಗೆ. ಅವರು ಹುಡುಕಿ, ಓದಿ, ಪ್ರಕಟಿಸಿದ ಮೇಲೆ ನಾವು ಧೈರ್ಯವಾಗಿ ಉಲ್ಲೇಖ ಕೊಡಬಹುದು. ಮಣ್ಣಿನಡಿಯ ಕಲ್ಲು ಮತ್ತೆ ಸಿಗುವುದೇನೂ ಬರೀ ಆಸೆಯಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆ ಅಗೆಯುವಾಗ ಸಿಕ್ಕ ಕಿಟ್ಟಯ್ಯನ ವೀರಗಲ್ಲು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಅದನ್ನೇ ಅತಿ ಹಳೆಯದೆಂದು ಹೇಳುತ್ತಾರೆ.

ಐತಿಹ್ಯಗಳನ್ನು ಹಾಗೆ ಬದಿಗಿಡಬೇಕಿಲ್ಲ. ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ಕೋಟೆ ಬಾಗಿಲು ನಿಲ್ಲಲೆಂದು ಪ್ರಾಣ ಕೊಟ್ಟಳು ಅನ್ನುವ ಕಥೆ ಇಲ್ಲದೆ ಕೋರಮಂಗಲದ ಸಮಾಧಿಯ ಬಗ್ಗೆ ಬರೆಯಲು ಆಗುತ್ತದೆಯೇ? ‘ಎಂಬ ಐತಿಹ್ಯವಿದೆ’ ಅಂತ ಬರೆದು, ಆ ಕಥೆ ದಾಖಲಾದ ಪುಸ್ತಕ ತೋರಿಸಿದರೆ ಸಾಕು. ಕಥೆಯ ಗೌರವವೂ ಉಳಿಯುತ್ತದೆ, ಓದುಗರಿಗೆ ಅದು ಕಥೆ ಎಂದೂ ತಿಳಿಯುತ್ತದೆ.

ಭಾಷೆ ಇನ್ನೊಂದು ವಿಷಯ. ನಮ್ಮ ಸ್ಥಳಪುರಾಣಗಳ ಧಾಟಿ ನಾಲಿಗೆಗೆ ಹತ್ತಿಬಿಟ್ಟಿರುತ್ತದೆ. ‘ಸಾವಿರಾರು ವರ್ಷಗಳ ಭವ್ಯ ಇತಿಹಾಸವುಳ್ಳ ಸುಪ್ರಸಿದ್ಧ ದೇವಾಲಯ’ ಎಂಬಂಥ ಸಾಲು ಕಂಡರೆ ನಾನು ಅದನ್ನು ಹೀಗೆ ಮಾಡುತ್ತೇನೆ: ‘ದೇವಾಲಯದ ಹಳೆಯ ಭಾಗಗಳು ಗಂಗರ ಕಾಲದವು, ಆವರಣದಲ್ಲಿರುವ ಒಂದು ಶಾಸನ ಸುಮಾರು ಕ್ರಿ.ಶ. 890ರದು.’ ಭವ್ಯ ಅನ್ನುವ ಪದ ಹೋಯಿತು, ಆದರೆ ಓದಿದವರಿಗೆ ಗುಡಿಯ ವಯಸ್ಸು ಗೊತ್ತಾಯಿತು. ‘ಸುಮಾರು’ ಅನ್ನುವುದನ್ನು ಮಾತ್ರ ಯಾರೂ ತೆಗೆಯಬಾರದು. ಲಿಪಿ ನೋಡಿ, ಅರಸರ ಹೆಸರು ನೋಡಿ ವಿದ್ವಾಂಸರು ಕಾಲ ಅಂದಾಜು ಮಾಡಿದಾಗ ನಾವು ಅದನ್ನು ಖಚಿತ ಇಸವಿ ಮಾಡಿಬಿಟ್ಟರೆ ಅವರ ಬಾಯಲ್ಲಿ ನಮ್ಮ ಮಾತು ಹಾಕಿದಂತೆ.

ಇಂಗ್ಲಿಷ್ ಲೇಖನವನ್ನು ಯಂತ್ರದಿಂದ ಅನುವಾದಿಸಿ ಹಾಕುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಸುಮಾರು 2010ರ ಹೊತ್ತಿಗೆ ಹಾಗೆ ಬಂದ ಲೇಖನಗಳು ಇನ್ನೂ ಇವೆ. ಉದ್ದವಾಗಿವೆ, ಆದರೆ ಓದಲು ಆಗುವುದಿಲ್ಲ. ಹತ್ತು ಸಾಲಿನ ಲೇಖನ, ಪ್ರತಿ ಸಾಲಿಗೂ ಆಧಾರ, ನೆಟ್ಟಗಿನ ಕನ್ನಡ. ನನಗೆ ಇದೇ ಮೇಲು.

ಕಲ್ಲಿನಲ್ಲಿ ಏನಿದೆ ಅಂತ ಬರೆಯಲು ಪುಸ್ತಕದ ಆಧಾರ ಬೇಕು, ಚಿತ್ರಕ್ಕೆ ಬೇಡ. ನಾವೇ ತೆಗೆದ ಫೋಟೋವನ್ನು ವಿಕಿಪೀಡಿಯದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದು. ನಮ್ಮಂಥವರು ಧಾರಾಳವಾಗಿ ಕೊಡಬಹುದಾದದ್ದು ಇದು. ಬೆಳಿಗ್ಗೆ ಅಥವಾ ಸಂಜೆ ಹೋಗಿ. ಬಿಸಿಲು ಪಕ್ಕದಿಂದ ಓರೆಯಾಗಿ ಬಿದ್ದಾಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಕಲ್ಲು ಬರೀ ಬಿಳುಪು. ಮೋಡ ಇದ್ದರೆ ಜತೆಗೆ ಬಂದವರ ಕೈಗೆ ಟಾರ್ಚ್ ಕೊಟ್ಟು ಬದಿಯಿಂದ ಹಿಡಿಸುತ್ತೇನೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಹಿಟ್ಟು, ಬಣ್ಣ ದಯವಿಟ್ಟು ಹಚ್ಚಬೇಡಿ. ಒಂದು ಇಡೀ ಕಲ್ಲಿನದು, ಒಂದು ಅಕ್ಷರಗಳದು, ಒಂದು ಸುತ್ತಲಿನ ಜಾಗದ್ದು ಅಂತ ತೆಗೆಯಿರಿ. ಜಾಗದ ಫೋಟೋಗೆ ಎಷ್ಟೋ ಜನ ಬೆಲೆ ಕೊಡುವುದಿಲ್ಲ. ರಸ್ತೆ ಅಗಲ ಮಾಡಿ ಕಲ್ಲು ಎತ್ತಿಟ್ಟ ಮೇಲೆ ಅದು ಎಲ್ಲಿತ್ತು ಅಂತ ಹೇಳುವುದು ಆ ಒಂದು ಫೋಟೋ ಮಾತ್ರ.

ವಾಟ್ಸ್ಯಾಪಿನಲ್ಲಿ ಬಂದ ಹಳೆಯ ಬೆಂಗಳೂರಿನ ಚಿತ್ರ, ಪತ್ರಿಕೆಯ ಚಿತ್ರ ಹಾಕುವ ಹಾಗಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಬರಹಕ್ಕೆ ಲೇಖಕರು, ಫೋಟೋಗೆ ಅದನ್ನು ತೆಗೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ (2012ರ ತಿದ್ದುಪಡಿಗೆ ಮೊದಲು ಫೋಟೋಗೆ ಪ್ರಕಟವಾದ ಮೇಲೆ 60 ವರ್ಷ ಇತ್ತು). ರೈಸ್ 1927ರಲ್ಲಿ, ನರಸಿಂಹಾಚಾರ್ 1936ರಲ್ಲಿ ತೀರಿಕೊಂಡರು. ಹಾಗಾಗಿ ಅವರ ಬರಹಗಳು ಈಗ ಎಲ್ಲರವು.

ನಾವು ಬರೆದದ್ದನ್ನು ಬೇರೆಯವರು ಬದಲಾಯಿಸುತ್ತಾರೆ. ಅಳಿಸುತ್ತಾರೆ ಕೂಡ. ಲೇಖನದ ‘ಇತಿಹಾಸ’ ನೋಡಿದರೆ ಯಾರು, ಯಾವಾಗ, ಏನು ಬದಲಿಸಿದರು ಅಂತ ಪೂರ್ತಿ ಸಿಗುತ್ತದೆ. ನಾನು ಕೂಡಲೇ ವಾಪಸ್ ತರುವುದಿಲ್ಲ. ಲೇಖನದ ‘ಚರ್ಚೆ’ ಪುಟಕ್ಕೆ ಹೋಗಿ ಪುಸ್ತಕದ ಹೆಸರು, ಪುಟ ಬರೆದು, ‘ನಿಮ್ಮ ಆಧಾರ ಯಾವುದು, ತಿಳಿಸುತ್ತೀರಾ?’ ಅಂತ ಕೇಳುತ್ತೇನೆ. ಇಬ್ಬರು ವಿದ್ವಾಂಸರ ಅಭಿಪ್ರಾಯ ಬೇರೆ ಬೇರೆ ಇದ್ದರೆ ಎರಡನ್ನೂ ಹೆಸರಿನ ಸಮೇತ ಲೇಖನದಲ್ಲೇ ಇಡಬಹುದು. ನಮ್ಮೂರು ನಿಮ್ಮೂರಿಗಿಂತ ಹಳೆಯದು ಅನ್ನುವ ಜಗಳ ಎಷ್ಟೋ ಸಲ ಅಷ್ಟಕ್ಕೇ ತಣ್ಣಗಾಗುತ್ತದೆ.

ಈಗ ಕೈಯಲ್ಲಿರುವುದು ಸಂಪಂಗಿ ಕೆರೆ. ಆ ಕೆರೆ ಇದ್ದ ಜಾಗದಲ್ಲೇ ಇವತ್ತು ಕಂಠೀರವ ಕ್ರೀಡಾಂಗಣ ಇದೆ. ಕರಗದ ವಿಧಿಗಳಿಗೆಂದು ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಕ್ರೀಡಾಂಗಣದ ಬಗ್ಗೆ ಬೇಕಾದಷ್ಟು ಬರಹ ಸಿಗುತ್ತದೆ. ನನಗೆ ಬೇಕಿರುವುದು ಕೆರೆ ತುಂಬಿದ್ದ ಕಾಲದ್ದು: ಅದರ ನೀರು ಯಾರ ತೋಟಕ್ಕೆ ಹೋಗುತ್ತಿತ್ತು, ಯಾವ ವರ್ಷದ ನಕ್ಷೆಯಲ್ಲಿ ಅದು ಎಷ್ಟು ದೊಡ್ಡದಿತ್ತು ಅನ್ನುವ ವಿವರ. ಅಚ್ಚಾದ ಪುಸ್ತಕದಲ್ಲೋ ಹಳೆಯ ವರದಿಯಲ್ಲೋ ನೀವು ಓದಿದ್ದರೆ ಲೇಖನದ ಚರ್ಚೆ ಪುಟದಲ್ಲಿ ಹೆಸರು, ಇಸವಿ, ಪುಟಸಂಖ್ಯೆ ಬರೆದಿಡಿ. ಪುಸ್ತಕ ಹುಡುಕಿಕೊಂಡು ನಾನು ಹೋಗುತ್ತೇನೆ.